ಗೋಡೆಯಾಚೆಯ ಒರಳು: ಕತೆಯಲ್ಲಿ ಅರ್ಥವನ್ನು ಹೇಳದೆ ತಲುಪಿಸುವ ಬಗೆ

ಸಣ್ಣಕತೆಯ ಮೊದಲ ಕರಡು ಹೆಚ್ಚಾಗಿ ಕೆಡುವುದು ಬರೆಯುವವರಿಗೆ ಓದುಗರ ಮೇಲೆ ನಂಬಿಕೆ ಸಾಲದೆ. ಪಾತ್ರಕ್ಕೆ ದುಃಖವಾಯಿತೆಂದು ಹೇಳಿ, ಯಾಕಾಯಿತೆಂದು ವಿವರಿಸಿ, ಅದರಿಂದ ಏನು ತಿಳಿಯಬೇಕೆಂಬುದನ್ನೂ ಸೇರಿಸಿಬಿಟ್ಟರೆ ಓದುಗರ ಪಾಲಿಗೆ ಕೆಲಸವೇ ಉಳಿಯುವುದಿಲ್ಲ. ನಾವು ತಂತ್ರವೆಂದು ಕರೆಯುವ ನಿರೂಪಣೆಯ ಕೋನ, ಸಂಭಾಷಣೆ, ಪ್ರತಿಮೆ, ವಾಕ್ಯದ ಲಯ ಇವೆಲ್ಲವೂ ಬಹುಮಟ್ಟಿಗೆ ಯಾವುದನ್ನು ಎಷ್ಟು ಹೊತ್ತು ಹೇಳದೆ ಇಡಬೇಕೆಂಬ ಲೆಕ್ಕಾಚಾರಗಳೇ. ಒಂದೇ ಸನ್ನಿವೇಶವನ್ನು ಮುಂದಿಟ್ಟುಕೊಂಡು ಆ ಲೆಕ್ಕವನ್ನು ಹಾಕಿ ನೋಡೋಣ.

ಅಣ್ಣತಮ್ಮಂದಿರ ಮನೆ ಪಾಲಾಗಿದೆ, ನಡುಮನೆಗೆ ಅಡ್ಡವಾಗಿ ಗೋಡೆ ಎದ್ದಿದೆ, ನೆಲದಲ್ಲಿ ಹೂತಿದ್ದ ಒರಳುಕಲ್ಲು ತಮ್ಮನ ಕಡೆಗೆ ಹೋಗಿದೆ ಎಂದಿಟ್ಟುಕೊಳ್ಳಿ. ಮೊದಲ ಕರಡು ಹೀಗಿರುತ್ತದೆ: ‘ಪಾಲಾದ ಮೇಲೆ ಹಿರಿಯ ಸೊಸೆಗೆ ಬಹಳ ದುಃಖವಾಯಿತು. ಇಪ್ಪತ್ತು ವರ್ಷ ಒಟ್ಟಿಗಿದ್ದ ಸಂಸಾರ ಒಡೆದುಹೋದದ್ದನ್ನು ಅವಳಿಂದ ಸಹಿಸಲಾಗಲಿಲ್ಲ.’ ವಾಕ್ಯಗಳಲ್ಲಿ ತಪ್ಪಿಲ್ಲ, ಆದರೆ ಇದು ಯಾವ ಮನೆಯ ಯಾವ ಸೊಸೆಗಾದರೂ ಹೊಂದುವ ಮಾತು. ಈಗ ಇದನ್ನು ಹೊಡೆದುಹಾಕಿ, ದುಃಖವೆಂಬ ಪದವನ್ನು ಬಳಸದೆ ಬರೆಯಿರಿ: ‘ಸಂಜೆ ಅವಳು ನೆನೆಸಿಟ್ಟ ಅಕ್ಕಿ, ಉದ್ದಿನ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, ಬೀದಿಗಿಳಿದು, ಬೇಲಿ ಸುತ್ತಿ ಬಂದು, ಹೊಸ ಬಾಗಿಲಿನ ಮುಂದೆ ನಿಂತು ಚಿಲಕ ಬಡಿದಳು.’ ಇಪ್ಪತ್ತು ವರ್ಷ ತನ್ನದೇ ಆಗಿದ್ದ ಒರಳಿಗೆ ಹೋಗಲು ಬೀದಿಗಿಳಿಯಬೇಕಾಗಿ ಬಂತು, ಚಿಲಕ ಬಡಿಯಬೇಕಾಗಿ ಬಂತು ಎಂಬುದನ್ನು ಓದುಗರೇ ಕೂಡಿಸಿಕೊಳ್ಳುತ್ತಾರೆ.

ಹೀಗೆ ಕೂಡಿಸಿಕೊಳ್ಳುವುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹಳೆಯ ಹೆಸರೊಂದಿದೆ: ಧ್ವನಿ, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥ. 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮವೆಂದು ಕರೆದ. ಆಲಂಕಾರಿಕರು, ಅಂದರೆ ಕಾವ್ಯಮೀಮಾಂಸಕರು, ಮತ್ತೆ ಮತ್ತೆ ಕೊಡುವ ಉದಾಹರಣೆ ‘ಗಂಗೆಯಲ್ಲಿ ಹಟ್ಟಿ’ ಎಂಬ ಮಾತು. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲದಾದ್ದರಿಂದ ವಾಚ್ಯಾರ್ಥ, ಅಂದರೆ ಪದಗಳ ನೇರ ಅರ್ಥ, ಅಲ್ಲಿಗೇ ಮುರಿದುಬೀಳುತ್ತದೆ. ದಡದ ಮೇಲಿನ ಹಟ್ಟಿ ಎಂಬುದು ಲಕ್ಷಣೆಯಿಂದ, ಅಂದರೆ ನೇರ ಅರ್ಥ ಹೊಂದದಾಗ ಅದಕ್ಕೆ ಸಂಬಂಧಿಸಿದ ಅರ್ಥವನ್ನು ಹಿಡಿಯುವುದರಿಂದ, ಸಿಗುತ್ತದೆ. ಆ ಜಾಗದ ತಂಪು ಮತ್ತು ಪಾವನತೆ ಧ್ವನಿಯಿಂದ ಬರುತ್ತದೆ. ದಡದಲ್ಲಿ ಎಂದು ನೇರವಾಗಿ ಹೇಳಿದ್ದರೆ ತಂಪು ಕೈತಪ್ಪುತ್ತಿತ್ತು. ನಿಮ್ಮ ಕರಡಿನಲ್ಲಿ ಭಾವದ ಹೆಸರುಗಳಿಗೆಲ್ಲ ಗೆರೆ ಎಳೆದು, ಪ್ರತಿಯೊಂದನ್ನೂ ತೆಗೆದರೆ ಅದು ಸುತ್ತಲಿನ ವಿವರದಿಂದ ತಾನಾಗಿ ಹೊಮ್ಮುತ್ತದೆಯೇ ಎಂದು ಪರೀಕ್ಷಿಸಿ. ಹೊಮ್ಮುವುದಾದರೆ ಆ ಪದ ಬೇಡ. ಇಲ್ಲವಾದರೆ ವಿವರವನ್ನೇ ಬದಲಿಸಬೇಕು.

ವಿವರವನ್ನು ಆರಿಸುವಾಗ ಒಂದು ಎಚ್ಚರ ಬೇಕು. ಒರಳು ಮೊದಲ ಬಾರಿ ಕಾಣಿಸಿಕೊಂಡಾಗ ಬರೀ ಒರಳಾಗಿರಲಿ, ಅದರ ಮೇಲೆ ಬೆಕ್ಕು ಮಲಗಿರಲಿ. ಬಂದ ಕೂಡಲೇ ಕುಟುಂಬದ ಒಗ್ಗಟ್ಟಿನ ಸಂಕೇತವಾಗಿ ಬೀಗತೊಡಗಿದ ವಸ್ತುವನ್ನು ಓದುಗರು ಮತ್ತೆ ನಂಬುವುದಿಲ್ಲ. ಅಲ್ಲದೆ, ಮಿಕ್ಸಿ, ಗ್ರೈಂಡರ್ ಇರಲಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಕತೆಯ ಕಾಲವನ್ನು ಬರೆಯುವ ಮೊದಲೇ ನಿರ್ಧರಿಸಿಕೊಳ್ಳಿ, ಇಲ್ಲವೇ ಆ ಸಂಜೆ ಕರೆಂಟು ತೆಗೆಯಿರಿ.

ಇನ್ನು ನಿರೂಪಕರ ಆಯ್ಕೆ. ಹಿರಿಯ ಸೊಸೆಯೇ ಹೇಳಿದರೆ ಕತೆ ಬರೀ ದೂರು ಹೇಳಿಕೊಳ್ಳುವುದಾಗುವ ಅಪಾಯವಿದೆ. ಕಿರಿಯಳು ಹೇಳಿದರೆ ಸಮಜಾಯಿಷಿಯಾಗಬಹುದು. ಎಂಟು ವರ್ಷದ ಹುಡುಗನೊಬ್ಬ ಹೇಳುತ್ತಾನೆಂದುಕೊಳ್ಳಿ. ಅವನಿಗೆ ಗೋಡೆಯೆಂದರೆ ಚೆಂಡು ದಾಟಿಸುವ ಹೊಸ ಆಟ, ದೊಡ್ಡಮ್ಮ ಮುಂಬಾಗಿಲಿನಿಂದ ಬಂದದ್ದು ನಗು ಬರಿಸುವ ಸಂಗತಿ. ಅವನಿಗೆ ತಿಳಿಯದ್ದು ಓದುಗರಿಗೆ ತಿಳಿದಿರುತ್ತದೆ, ಅವನು ನಗುವಾಗ ಓದುಗರು ನಗಲಾರರು. ನನಗೆ ಈ ಮೂರನೆಯ ದಾರಿಯೇ ಹೆಚ್ಚು ಇಷ್ಟ. ಆದರೆ ಹುಡುಗನ ಬಾಯಲ್ಲಿ ದೊಡ್ಡವರ ತಿಳಿವಳಿಕೆಯ ಒಂದು ವಾಕ್ಯ ಬಂದರೂ ಕಟ್ಟಡವೆಲ್ಲ ಕುಸಿಯುತ್ತದೆ.

ಇಲ್ಲಿಯವರೆಗಿನ ಉಪಾಯಗಳು ಯಾವ ಭಾಷೆಯ ಕತೆಗಾರರಿಗಾದರೂ ಲಭ್ಯ. ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ವ್ಯಾಕರಣವೇ ಕೊಡುವ ಕೆಲವು ಸಲಕರಣೆಗಳಿವೆ, ಅವುಗಳನ್ನು ನಾವು ದಿನವಿಡೀ ಮಾತಿನಲ್ಲಿ ಬಳಸಿ ಬರವಣಿಗೆಯಲ್ಲಿ ಮಾತ್ರ ಮರೆಯುತ್ತೇವೆ. ‘ಗೋಡೆಯನ್ನು ದೊಡ್ಡವನು ಹಾಕಿಸಿದ’ ಎಂಬುದು ವರದಿ. ‘ಗೋಡೆಯನ್ನು ದೊಡ್ಡವನೇ ಹಾಕಿಸಿದನಂತೆ’ ಎಂದ ತಕ್ಷಣ ನಿರೂಪಕ ಹಿಂದೆ ಸರಿದು ಊರು ಮುಂದೆ ಬರುತ್ತದೆ; ಏಕಾರ ಬೆರಳು ತೋರಿಸುತ್ತದೆ, ‘ಅಂತೆ’ ಆ ಬೆರಳು ತನ್ನದಲ್ಲವೆನ್ನುತ್ತದೆ. ಸಹಾಯಕ ಕ್ರಿಯಾಪದಗಳೂ ಹೀಗೆಯೇ. ಪಾಲುಪತ್ರಕ್ಕೆ ತಮ್ಮ ‘ಸಹಿ ಹಾಕಿದ’ ಎಂದರೆ ಘಟನೆ ಮಾತ್ರ ತಿಳಿಯಿತು. ‘ಸಹಿ ಹಾಕಿಬಿಟ್ಟ’ ಎಂದರೆ ಆತುರವೋ ಬೇಸರವೋ ಹೇಳುವವರ ವಿಷಾದವೋ ಸೇರಿತು. ‘ಸಹಿ ಹಾಕಿಕೊಟ್ಟ’ ಎಂದರೆ ಅವನು ಯಾರದೋ ಮಾತಿಗೆ ಒಪ್ಪಿಕೊಂಡವನಾದ. ಮೂರು ಕ್ರಿಯಾರೂಪಗಳಲ್ಲಿ ಮೂವರು ಬೇರೆ ಬೇರೆ ತಮ್ಮಂದಿರಿದ್ದಾರೆ, ಅವರಲ್ಲಿ ನಿಮ್ಮ ಕತೆಯವನು ಯಾರೆಂದು ತಿಳಿಯದೆ ಮುಂದಕ್ಕೆ ಹೋಗಬೇಡಿ.

ಕನ್ನಡ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಕುತೂಹಲ ಅದರ ರಚನೆಯಲ್ಲೇ ಅಡಗಿರುತ್ತದೆ. ಮೇಲಿನ ಉದಾಹರಣೆಯನ್ನೇ ನೋಡಿ: ಇಟ್ಟುಕೊಂಡು, ಇಳಿದು, ಸುತ್ತಿ ಬಂದು, ನಿಂತು ಎಂದು ಸಾಗುವ ಸರಪಳಿ ಆ ಹೆಂಗಸಿನ ನಡಿಗೆಯಷ್ಟೇ ಉದ್ದವಾಗಿದೆ, ‘ಬಡಿದಳು’ ಎಂಬಲ್ಲಿ ಬಾಗಿಲಿಗೆ ತಾಗಿ ನಿಲ್ಲುತ್ತದೆ. ಇದನ್ನೇ ನಾಲ್ಕು ತುಂಡು ವಾಕ್ಯಗಳಾಗಿ ಒಡೆದರೆ ದೂರ ಕರಗುತ್ತದೆ. ಹಾಗೆಂದು ಎಲ್ಲ ವಾಕ್ಯಗಳನ್ನೂ ಹೀಗೆ ಎಳೆದರೆ ಓದುಗರಿಗೆ ಉಸಿರು ಕಟ್ಟುತ್ತದೆ. ಸರಪಳಿಯ ನಂತರ ಎರಡೋ ಮೂರೋ ಪದಗಳ ವಾಕ್ಯವೊಂದು ಬಂದರೆ ಪೆಟ್ಟು ಸರಿಯಾಗಿ ಬೀಳುತ್ತದೆ.

ಸಂಭಾಷಣೆಯಲ್ಲಿ ಅತ್ಯಂತ ಹರಿತವಾದ ಆಯುಧ ಏಕವಚನ, ಬಹುವಚನಗಳದ್ದು. ಕತೆಯ ಮೊದಲ ಪುಟದಲ್ಲಿ ಕಿರಿಯ ಸೊಸೆ ಹಿರಿಯಳನ್ನು ‘ಬಾ ಅಕ್ಕ, ಕಾಫಿ ಆರಿಹೋಗತ್ತೆ’ ಎಂದು ಕರೆದಿರಲಿ. ಗೋಡೆ ಎದ್ದ ಮೇಲೆ ಬಾಗಿಲು ತೆರೆದವಳು ‘ಬನ್ನಿ ಅಕ್ಕ’ ಎನ್ನಲಿ. ಮರ್ಯಾದೆ ಹೆಚ್ಚಿತು, ನಂಟು ಕಡಿಮೆಯಾಯಿತು, ಇಡೀ ಕತೆ ಆ ಒಂದು ಪದದಲ್ಲಿ ನಡೆದುಹೋಯಿತು. ಅವಳು ಹಾಗೆಂದದ್ದರಿಂದ ಅಕ್ಕನಿಗೆ ನೋವಾಯಿತೆಂದು ಇಲ್ಲಿ ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ಮಾತಿನ ಸೀಮೆಯನ್ನೂ ಗಟ್ಟಿಮಾಡಿಕೊಳ್ಳಿ. ಮನೆ ಧಾರವಾಡದ ಕಡೆಯದಾದರೆ ಇವರಿಬ್ಬರು ನೆಗೆಣ್ಣಿಯರು, ಬಾಗಿಲಲ್ಲಿ ಕೇಳುವುದು ‘ಬರ್ರಿ’. ಮೈಸೂರಿನ ಕಡೆಯದಾದರೆ ವಾರಗಿತ್ತಿಯರು. ನಿರೂಪಣೆಯ ಭಾಷೆಯೂ ಈ ಲೋಕಕ್ಕೆ ಹತ್ತಿರವಿರಬೇಕು. ಒರಳಿನ ಮುಂದೆ ಕುಳಿತವಳಿಗೆ ‘ಅಂತರಂಗದ ವೇದನಾಗ್ನಿ’ ಹೊತ್ತಿಕೊಂಡರೆ ಹಿಟ್ಟು ಕೆಡುತ್ತದೆ. ಇದು ಹೊಸ ದೂರೇನಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ, ಕನ್ನಡದಲ್ಲಿ ಬರೆಯುವವರಿಗೆಂದೇ ರಚಿತವಾದ ‘ಕವಿರಾಜಮಾರ್ಗ’ವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಅರಿವಿಲ್ಲದೆ ಸಮಾಸದಲ್ಲಿ ಬೆರೆಸುವುದನ್ನು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಹಾಕುವುದಕ್ಕೆ ಹೋಲಿಸುತ್ತದೆ. ಆ ಹೋಲಿಕೆಯೇ ಒಂದು ಪಾಠ: ವ್ಯಾಕರಣದ ದೋಷವನ್ನು ವಿವರಿಸಲು ಅಡುಗೆಮನೆಯಿಂದ ಆರಿಸಿ ತಂದ ಚಿತ್ರ ಅದು, ಹಾಲು ಒಡೆದದ್ದನ್ನು ಕಂಡವರಿಗೆಲ್ಲ ಕೂಡಲೇ ಅರ್ಥವಾಗುತ್ತದೆ.

ಕರಡು ಮುಗಿದ ಮೇಲೆ ಎರಡು ದಿನ ಬಿಟ್ಟು, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಅವರು ತಡೆದು ಕೇಳಿದ ಪ್ರಶ್ನೆಗಳನ್ನು ಅಂಚಿನಲ್ಲಿ ಗುರುತುಮಾಡಿಕೊಳ್ಳಿ. ‘ಯಾರು ಹೇಳಿದ್ದು ಇದನ್ನು?’ ಎಂಬ ಪ್ರಶ್ನೆ ಬಂದರೆ ಆ ಸಾಲನ್ನೇ ತಿದ್ದಿದರಾಯಿತು. ‘ಬನ್ನಿ ಅಂದರೆ ಏನಾಯಿತೀಗ?’ ಎಂದು ಕೇಳಿದರೆ ಮಾತ್ರ ಆ ಸಾಲನ್ನು ಮುಟ್ಟಬೇಡಿ. ಮೊದಲ ಪುಟದ ‘ಬಾ ಅಕ್ಕ’ ಅವರ ಕಿವಿಯಲ್ಲಿ ನಿಂತಿಲ್ಲವೆಂದು ಅದರ ಅರ್ಥ. ಹಿಂದಕ್ಕೆ ಹೋಗಿ, ಗೋಡೆ ಏಳುವ ಮುಂಚೆ, ಒರಳಿನ ಪಕ್ಕದಲ್ಲಿ, ಅವಳಿಂದ ಅದನ್ನು ಇನ್ನೊಮ್ಮೆ ಹೇಳಿಸಿ.