ದಿನಕ್ಕೆ ಐದು ಕೀರ್ತನೆ: ಆ ಒಂಬತ್ತು ತಿಂಗಳು ನಾನು ಪ್ರಾರ್ಥಿಸಿದ ರೀತಿ

ನಾನು ಬೆಟಗೇರಿಯವಳು. ಮದುವೆಯಾಗಿ ಬಂದದ್ದು ತುಂಗಭದ್ರೆಗೆ ಹತ್ತಿರದ ಒಂದು ಸಣ್ಣ ಊರಿಗೆ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಮಗ ಬೆಂಗಳೂರಿನಲ್ಲಿದ್ದಾನೆ. ನಾನು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮಷೀನ್ ಇಟ್ಟುಕೊಂಡು ಬ್ಲೌಸು, ಸೀರೆ ಫಾಲು, ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ನಮ್ಮ ಊರಿನಲ್ಲಿ ಚರ್ಚ್ ಇಲ್ಲ, ಹತ್ತಿರದ ಸಭೆಗೆ ಬಸ್ಸಿನಲ್ಲಿ ಒಂದೂವರೆ ತಾಸು. ಅದಕ್ಕೇ ಭಾನುವಾರ ಸಂಜೆ ನಮ್ಮ ಮನೆಯಲ್ಲೇ ಕೂಟ ನಡೆಯುತ್ತಿತ್ತು. ಹನ್ನೊಂದು ಜನ, ಎರಡು ಹಾಡು, ಒಂದು ಅಧ್ಯಾಯ, ಪ್ರಾರ್ಥನೆ, ಆಮೇಲೆ ಚಹಾ. ಅಷ್ಟೇ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ, ನಾವು ಎರಡನೇ ಹಾಡು ಹಾಡುತ್ತಿದ್ದಾಗ ಹೊರಗೆ ಬೈಕುಗಳ ಸದ್ದಾಯಿತು. ಇಪ್ಪತ್ತು ಹುಡುಗರಿರಬಹುದು. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು. ಒಬ್ಬ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ. "ಮತಾಂತರ ಮಾಡ್ತೀರೇನು" ಅಂತ ಕೂಗಾಟ. ಅಲ್ಲಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಹುಟ್ಟಿನಿಂದಲೇ ಕ್ರೈಸ್ತರು, ಉಳಿದಿಬ್ಬರು ಇಪ್ಪತ್ತು ವರ್ಷದಿಂದ ವಿಶ್ವಾಸದಲ್ಲಿರುವ ಗಂಡ ಹೆಂಡತಿ. ಹೇಳಿದರೆ ಕೇಳುವವರು ಯಾರು? ಪೊಲೀಸರು ಬಂದು ನಮ್ಮನ್ನೇ ಕರೆದುಕೊಂಡು ಹೋದರು. ರಾತ್ರಿ ಹತ್ತೂವರೆವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಕೇಸು ಆಗಲಿಲ್ಲ. ಇನ್ನು ಮೇಲೆ ಮನೆಯಲ್ಲಿ ಕೂಟ ನಡೆಸುವುದಿಲ್ಲ ಅಂತ ಬರೆದುಕೊಡಿ ಅಂದರು. ನಾನು ಬರೆದುಕೊಟ್ಟೆ. ಆ ಸಹಿ ನನ್ನನ್ನು ಬಹಳ ದಿನ ಕಾಡಿತು.

ಆ ರಾತ್ರಿ ಹೇಗೋ ಕಳೆಯಿತು. ಕಷ್ಟ ಶುರುವಾಗಿದ್ದು ಆಮೇಲೆ. ವಿಡಿಯೊ ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಹದಿನೈದು ದಿನದಲ್ಲಿ ಗಿರಾಕಿಗಳು ಕಾಲುಭಾಗಕ್ಕಿಂತ ಕಮ್ಮಿಯಾದರು. ಕತ್ತರಿಸಿಟ್ಟಿದ್ದ ಬ್ಲೌಸ್ ಪೀಸನ್ನು ಹೊಲಿಯದೆಯೇ ವಾಪಸ್ ತೆಗೆದುಕೊಂಡು ಹೋದವರಿದ್ದಾರೆ. ಎದುರು ಮನೆಯ ಅಕ್ಕ ಪಂಚಮಿಗೆ ನನಗೆ ಉಂಡಿ ಕಳಿಸದೆ ಇದ್ದ ವರ್ಷವೇ ಇರಲಿಲ್ಲ, ಅವರು ನಾನು ಕಸ ಗುಡಿಸಲು ಹೊರಗೆ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಭಯವಿತ್ತು ಅಂತ ಈಗ ಅರ್ಥವಾಗುತ್ತದೆ. ಆಗ ಆಗಲಿಲ್ಲ. ಕೂಟಕ್ಕೆ ಬರುತ್ತಿದ್ದವರೂ ಬರುವುದನ್ನು ನಿಲ್ಲಿಸಿದರು, ಫೋನೂ ನಿಂತಿತು. ಮಗ "ಅವ್ವಾ, ಸಾಕು, ಸುಮ್ನೆ ಇಲ್ಲಿಗೆ ಬಂದುಬಿಡು" ಅಂದ. ಒಂಬತ್ತು ತಿಂಗಳು ಹೀಗೇ ಹೋಯಿತು.

ಬೈಬಲಿನಲ್ಲಿ ಹಿಂಸೆಯ ಮಾತು ಬಂದಾಗೆಲ್ಲ ನಾನು ಜೈಲು, ಚಾಟಿ ಅಂತ ಅಂದುಕೊಳ್ಳುತ್ತಿದ್ದೆ. ಮಾತಾಡಿಸುವವರಿಲ್ಲದ ಮಧ್ಯಾಹ್ನ ಅದರಲ್ಲಿ ಸೇರುತ್ತದೆ ಅಂತ ಗೊತ್ತಿರಲಿಲ್ಲ.

ಮೊದಲ ತಿಂಗಳು ನನ್ನ ಪ್ರಾರ್ಥನೆ ಕೆಟ್ಟುಹೋಯಿತು. ಇದನ್ನು ಬಿಚ್ಚಿ ಹೇಳಬೇಕು, ಯಾಕೆಂದರೆ ಸಾಕ್ಷಿ ಹೇಳುವಾಗ ನಾವು ಈ ಭಾಗವನ್ನು ಬಿಟ್ಟುಬಿಡುತ್ತೇವೆ. ಮೊಣಕಾಲೂರಿದರೆ ಮಾತೇ ಬರುತ್ತಿರಲಿಲ್ಲ. ಬಂದರೆ ಆ ಸಹಿಯ ನೆನಪು ಬರುತ್ತಿತ್ತು, ಇಲ್ಲವೇ ಅವರು ಹೇಳಿದ್ದಕ್ಕೆ ನಾನು ಕೊಡಬೇಕಾಗಿದ್ದ ಉತ್ತರಗಳು ಒಂದರ ಹಿಂದೆ ಒಂದು ಬರುತ್ತಿದ್ದವು. "ಕರ್ತನೇ, ಸ್ತೋತ್ರ" ಅಂತ ಶುರು ಮಾಡಿದರೆ ಅದು ಸುಳ್ಳು ಅನ್ನಿಸುತ್ತಿತ್ತು. ಸರಿ, ಉಪವಾಸ ಮಾಡೋಣ ಅಂತ ಮಾಡಿದೆ. ಮೂರು ದಿನ. ನಾಲ್ಕನೇ ದಿನ ತಲೆ ಸುತ್ತಿ ಮಷೀನಿನ ಮೇಲೆ ಬಿದ್ದೆ.

ನಿವೃತ್ತರಾದ ಒಬ್ಬ ಸಭಾಪಾಲಕರಿಗೆ ಫೋನ್ ಮಾಡಿದೆ, ನನಗೆ ದೀಕ್ಷಾಸ್ನಾನ ಕೊಟ್ಟವರು, ಎಂಬತ್ತು ದಾಟಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಯವ್ವಾ, ಇವತ್ತ ಏನು ಉಂಡಿ?" ನಾನು ಸುಮ್ಮನಿದ್ದೆ. "ಎಲೀಯನ ಕಥಿ ಮತ್ತ ಓದು. ಮೊದಲ ರೊಟ್ಟಿ ತಿನ್ನು. ಆಮ್ಯಾಲ ನನಗ ಫೋನ್ ಹಚ್ಚು" ಅಂದರು.

ಓದಿದೆ. ಬೈಬಲಿನ ಮೊದಲನೇ ಅರಸುಗಳು, 19ನೇ ಅಧ್ಯಾಯ. ಈಜೆಬೆಲ ರಾಣಿ ಕೊಲ್ಲುತ್ತೇನೆ ಅಂದದ್ದಕ್ಕೆ ಓಡಿಹೋದ ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತಾನೆ, ಮಲಗಿಬಿಡುತ್ತಾನೆ. ದೇವದೂತ ಬಂದವನು ಬೈಯುವುದಿಲ್ಲ, ಧೈರ್ಯದ ಮಾತೂ ಹೇಳುವುದಿಲ್ಲ. ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸುತ್ತಾನೆ. ತಿಂದು ಅವನು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸುತ್ತಾನೆ. ದೇವರು ಮಾತಾಡುವುದು ಅದೆಲ್ಲ ಆದಮೇಲೆ. ಮೂವತ್ತು ವರ್ಷದಿಂದ ಓದಿದ ಅಧ್ಯಾಯ ಇದು, ಆ ರೊಟ್ಟಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವತ್ತು ಎರಡು ರೊಟ್ಟಿ ಬಡಿದು, ಪುಂಡಿಪಲ್ಯೆ ಮಾಡಿಕೊಂಡು ತಿಂದೆ. ಅಡುಗೆ ಮಾಡದೆ ಐದು ದಿನವಾಗಿತ್ತು.

ಅವರಿಗೆ ಮತ್ತೆ ಫೋನ್ ಮಾಡಿದಾಗ ಅವರು ಕೊಟ್ಟ ಲೆಕ್ಕ ನಾನು ಈಗಲೂ ಬಿಟ್ಟಿಲ್ಲ. ಬೈಬಲಿನ ಕೀರ್ತನೆಗಳು, ಅಂದರೆ ದಾವೀದ ರಾಜ ಮೊದಲಾದವರ ಹೆಸರಿನ ಪ್ರಾರ್ಥನೆಯ ಹಾಡುಗಳು, 150. ತಿಂಗಳಿಗೆ 30 ದಿನ. ದಿನಕ್ಕೆ ಐದು. ಇವತ್ತಿನ ತಾರೀಖು ಎಷ್ಟೋ ಆ ಕೀರ್ತನೆ, ಆಮೇಲೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋಗುವುದು. 12ನೇ ತಾರೀಖಾದರೆ 12, 42, 72, 102, 132. ಜೋರಾಗಿ ಓದಬೇಕು, ಇಷ್ಟವಿದ್ದರೂ ಇಲ್ಲದಿದ್ದರೂ ಬಿಡಬಾರದು, ನಿನ್ನ ಸ್ವಂತ ಮಾತು ಸೇರಿಸಲೇಬೇಕು ಅಂತಿಲ್ಲ. "ನಿನ್ನ ಕಡೆ ಮಾತಿಲ್ಲಂದ್ರ ದಾವೀದನ ಮಾತು ಸಾಲಾ ತಗೋ" ಅಂದರು. 29ನೇ ತಾರೀಖು 119 ಬರುತ್ತದೆ, 176 ವಚನ, ಅವತ್ತು ಬೆಳಿಗ್ಗೆ ಅರ್ಧ ಸಂಜೆ ಅರ್ಧ ಮಾಡುತ್ತೇನೆ.

ಹೀಗೆ ಸಾಲಾಗಿ ಓದಿದಾಗಲೇ ನನಗೆ ಗೊತ್ತಾಗಿದ್ದು, ಕೀರ್ತನೆಗಳಲ್ಲಿ ದೂರು ಎಷ್ಟು ಜಾಸ್ತಿ ಇದೆ ಅಂತ. ನಾವು ಸಭೆಯಲ್ಲಿ 23, 91, 103, 121 ಇಷ್ಟನ್ನೇ ತಿರುಗಿಸಿ ಮುರುಗಿಸಿ ಓದುತ್ತೇವೆ. 102ರಲ್ಲಿ ಒಬ್ಬ ನಿದ್ದೆಯಿಲ್ಲದೆ, ಮಾಳಿಗೆಯ ಮೇಲೆ ಕೂತ ಒಂಟಿ ಹಕ್ಕಿ ಹಾಗಿದ್ದೇನೆ ಅಂತಾನೆ. 142ರಲ್ಲಿ ಗವಿಯೊಳಗಿಂದ, ನನ್ನನ್ನು ವಿಚಾರಿಸುವವರು ಯಾರೂ ಇಲ್ಲ ಅಂತಾನೆ. 88 ಅಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಅದನ್ನು ಮೊದಲ ಸಲ ಜೋರಾಗಿ ಓದಿದ ದಿನ ನಾನು ಅತ್ತೆ, ಅಷ್ಟು ದಿನ ಬಾರದೇ ಇದ್ದ ಅಳು. ಇಂಥ ಮಾತನ್ನೂ ದೇವರ ಮುಂದೆ ಆಡಬಹುದು, ಆಡಿದ್ದನ್ನು ಅಳಿಸದೆ ಬೈಬಲಿನೊಳಗೆ ಇಟ್ಟುಕೊಂಡಿದ್ದಾರೆ ಅಂದರೆ, ನಾನೂ ಆಡಬಹುದಲ್ವಾ? ಅದೇ 28ನೇ ತಾರೀಖಿಗೆ 88 ಆದಮೇಲೆ ದೇವರಿಗೆ ಸ್ತೋತ್ರ ಹೇಳುವ 118 ಬರುತ್ತದೆ. ಮಧ್ಯೆ ನಾನು ಎದ್ದು ನೀರು ಕುಡಿದು ಬರುತ್ತೇನೆ. ಒಂದರಿಂದ ಇನ್ನೊಂದಕ್ಕೆ ಹಾಗೇ ಜಿಗಿಯಲು ಆಗುವುದಿಲ್ಲ.

56ನೇ ಕೀರ್ತನೆಯಲ್ಲಿ ನಮ್ಮ ಹಳೆಯ ಕನ್ನಡ ಬೈಬಲಿನ ಒಂದು ಮಾತಿದೆ, ಬುದ್ದಲಿ. ನನ್ನ ಕಣ್ಣೀರು ನಿನ್ನ ಬುದ್ದಲಿಯಲ್ಲಿದೆ ಅಂತ ದೇವರಿಗೆ ಹೇಳುವುದು. ಸಣ್ಣವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಎಣ್ಣೆ ತುಂಬಿಡುವ ಚರ್ಮದ ಪಾತ್ರೆ ಕಣವ್ವಾ, ಒಂದು ಹನಿ ಸೋರುವುದಿಲ್ಲ ಅಂದಿದ್ದಳು. ಸೋರುವುದಿಲ್ಲ ಅನ್ನುವ ಆ ಮಾತು ನಲವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಈ ಅಜ್ಜಿಯ ಅಜ್ಜಿ ನಮ್ಮ ಮನೆತನದಲ್ಲಿ ಮೊದಲು ಕ್ರೈಸ್ತಳಾದವಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ ಬಂದರು. ದೀಕ್ಷಾಸ್ನಾನ ತೆಗೆದುಕೊಂಡವರಿಗೆ ಆಗ ಮನೆ ಹೋಗುತ್ತಿತ್ತು, ಹೊಲದ ಪಾಲು ಹೋಗುತ್ತಿತ್ತು, ಕುಲಕಸುಬೂ ಹೋಗುತ್ತಿತ್ತು. ಅಂಥವರ ಹೊಟ್ಟೆಪಾಡಿಗೂ ಅಂತ ಮಿಷನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಶಾಲೆಯಲ್ಲಿ ಮಂಗಳೂರು ಹೆಂಚು, ಖಾಕಿ ಬಟ್ಟೆ ಅಂತ ಹೆಮ್ಮೆಯಿಂದ ಓದಿದ್ದೆವು. ಮನೆಯಿಂದ ಹೊರಬಿದ್ದವರ ಒಂಟಿತನ ಅದರ ಹಿಂದೆ ಇತ್ತು ಅಂತ ಯಾರೂ ಹೇಳಿಕೊಡಲಿಲ್ಲ. ನಮ್ಮ ಹಿರಿಯಳಿಗೆ ತವರಿನವರು ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲವಂತೆ. ಅವಳು ರಾತ್ರಿ ಹಳ್ಳಕ್ಕೆ ಹೋಗಿ ನೀರು ತರುತ್ತಿದ್ದಳಂತೆ, ದಾರಿಯುದ್ದಕ್ಕೂ ಹಾಡುತ್ತಾ. ಮನೆಯಲ್ಲಿ ಇದನ್ನು ಬರೀ ಕಥೆಯ ಹಾಗೆ ಹೇಳುತ್ತಿದ್ದರು. ಆ ಹಾಡು ಭಯಕ್ಕೆ ಹಾಡಿದ್ದಿರಬೇಕು ಅಂತ ನನಗೆ ಆಗ ಅನ್ನಿಸಿತು. ನಾನೂ ರಾತ್ರಿ ದೀಪ ಆರಿಸಿದ ಮೇಲೆ ಮೆಲ್ಲಗೆ ಹಾಡತೊಡಗಿದೆ.

ಆದರೆ ಕೀರ್ತನೆ ಓದಿಕೊಂಡು ಒಬ್ಬಳೇ ಇದ್ದುಬಿಡಬಹುದು ಅಂತ ನಾನು ಯಾರಿಗೂ ಹೇಳಲಾರೆ. ದೇವರಿದ್ದಾನೆ, ಮನುಷ್ಯರು ಯಾಕೆ ಬೇಕು ಅನ್ನುವ ಮಾತನ್ನು ನಮ್ಮವರು ಬಹಳ ಸುಲಭವಾಗಿ ಆಡುತ್ತಾರೆ, ಅದು ತಪ್ಪು. ಬಂಧನವಾಗುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ಮೂವರು ಶಿಷ್ಯರನ್ನು ಕರೆದುಕೊಂಡು ಹೋಗಿ, ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿದರು. ಅಪೊಸ್ತಲ ಪೌಲನು ತನ್ನ ಜೊತೆ ಸೇವೆ ಮಾಡಿದ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯ ಅಧ್ಯಾಯವನ್ನು ನೋಡಿ. ಸೆರೆಯಲ್ಲಿದ್ದಾನೆ. ವಿಚಾರಣೆಯಲ್ಲಿ ನನ್ನ ಪಕ್ಕ ಯಾರೂ ನಿಲ್ಲಲಿಲ್ಲ, ಕರ್ತನು ನಿಂತನು ಅಂತ ಬರೆಯುತ್ತಾನೆ. ಅದೇ ಕೈಯಲ್ಲಿ, ಬೇಗ ಬಾ, ಚಳಿಗಾಲದ ಮೊದಲೇ ಬಾ, ತ್ರೋವದಲ್ಲಿ ಬಿಟ್ಟುಬಂದ ನನ್ನ ಮೇಲಂಗಿ ತಾ, ಪುಸ್ತಕಗಳನ್ನೂ ತಾ ಅಂತಾನೆ. ಬಟ್ಟೆ ಹೊಲಿಯುವವಳಿಗೆ ಆ ಮೇಲಂಗಿ ಬೇಗ ಕಣ್ಣಿಗೆ ಬಿತ್ತು. ಕರ್ತನು ಪಕ್ಕದಲ್ಲಿ ನಿಂತಿದ್ದರೂ ಅವನಿಗೆ ಚಳಿಯಾಗುತ್ತಿತ್ತು, ಗೆಳೆಯ ಬೇಕಿತ್ತು, ನಾಚದೆ ಕೇಳಿದ.

ನಾನೂ ಕೇಳಿದೆ. ಬೆಟಗೇರಿಯಲ್ಲಿ ನನ್ನ ಜೊತೆ ಸಂಡೇ ಸ್ಕೂಲಿಗೆ ಬರುತ್ತಿದ್ದ ಗೆಳತಿಗೆ ಫೋನ್ ಮಾಡಿ, ದಿನಾ ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ನನ್ನ ಜೊತೆ ಪ್ರಾರ್ಥನೆ ಮಾಡ್ತೀಯಾ ಅಂದೆ. ಏಳು ವರ್ಷದಿಂದ ಮಾತಿರಲಿಲ್ಲ. ಅವಳು ಕಾರಣ ಕೂಡ ಕೇಳದೆ ಹೂಂ ಅಂದಳು. ಕೆಲವು ದಿನ ನಾನು ಬರೀ ಅತ್ತಿದ್ದೇನೆ, ಅವಳು ಆ ಕಡೆ ಒಂದು ಕೀರ್ತನೆ ಓದಿ ಆಮೆನ್ ಅಂದು ಫೋನ್ ಇಟ್ಟಿದ್ದಾಳೆ. ಆ ಹತ್ತು ನಿಮಿಷಕ್ಕಾಗಿ ನಾನು ಇಡೀ ದಿನ ತಳ್ಳುತ್ತಿದ್ದೆ.

ಇದರ ಜೊತೆ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ನಡೆದದ್ದು: ತಾರೀಖು, ಹೊತ್ತು, ಯಾರು ಏನಂದರು. ಪರಿಚಯದ ವಕೀಲರೊಬ್ಬರು ಹೀಗೆ ಬರೆದಿಡಲು ಹೇಳಿದ್ದರು. ಧರ್ಮ ಸ್ವಾತಂತ್ರ್ಯದ ಬಗ್ಗೆ ಸಂವಿಧಾನದ 25ನೇ ವಿಧಿ ಏನು ಹೇಳುತ್ತದೆ, ರಾಜ್ಯದ 2022ರ ಮತಾಂತರ ಕಾಯ್ದೆಯಲ್ಲಿ ಏನಿದೆ ಅಂತ ಬಿಡಿಸಿ ಹೇಳಿದವರೂ ಅವರೇ. ನಮ್ಮ ನಮ್ಮಲ್ಲೇ ಕೂತು ಪ್ರಾರ್ಥಿಸುವುದು ಅಪರಾಧವಲ್ಲ ಅಂದಾಗ ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತು. ನಿಮಗೂ ಹೀಗಾಗಿದ್ದರೆ ಕಾನೂನು ತಿಳಿದವರನ್ನು ಮೊದಲೇ ಕೇಳಿ, ಅದು ಅವಿಶ್ವಾಸವಲ್ಲ. ನೋಟ್‌ಬುಕ್ಕಿನ ಬಲಗಡೆ ಹೆಸರುಗಳು, ಪ್ರಾರ್ಥನೆಗೆ.

ಆ ಬಲಗಡೆ ಪುಟ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಅನ್ನುವ ಮಾತು ಮತ್ತಾಯ 5ರಲ್ಲಿದೆ, ಬಾಯಿಪಾಠವಿದೆ. ಆದರೆ ವಿಡಿಯೊ ಮಾಡಿದ ಹುಡುಗನ ಹೆಸರು ಬರೆಯಲು ಹೋದರೆ ಕೈ ನಡುಗುತ್ತಿತ್ತು. ಅವನ ಸ್ಕೂಲ್ ಯೂನಿಫಾರ್ಮ್ ಹೊಲಿದವಳು ನಾನು, ಏಳನೇ ಕ್ಲಾಸಿನವರೆಗೆ. ಅದಕ್ಕೆ ಮೊದಲು ಅವನ ತಾಯಿಯ ಹೆಸರು ಬರೆದೆ. ಆಕೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಕೆಗಾಗಿ ಪ್ರಾರ್ಥಿಸುವುದು ನನಗೆ ಆಗುತ್ತಿತ್ತು. ಎರಡು ತಿಂಗಳು ಬರೀ ತಾಯಿಯ ಹೆಸರು. ಆಮೇಲೆ ಒಂದು ದಿನ, ಆಕೆಯನ್ನು ಆಸ್ಪತ್ರೆಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವನು ಅವನೇ ಅಲ್ವಾ, ದಾರಿಯಲ್ಲಿ ಅವನನ್ನು ಕಾಪಾಡು ಅಂತ ಬಾಯಿಗೆ ಬಂತು. ಅಷ್ಟೇ ಆಗಿದ್ದು. ಅವನ ಮೇಲೆ ಪ್ರೀತಿ ಉಕ್ಕಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವತ್ತಿನಿಂದ ರಾತ್ರಿ ಅವನ ಮುಖ ಕಣ್ಣ ಮುಂದೆ ಬಂದರೆ ನಾನು ಅವನಿಗೆ ಉತ್ತರ ಕೊಡುತ್ತಾ ಎದ್ದು ಕೂರುವುದು ನಿಂತಿತು. ವೈರಿಗಳ ಹಲ್ಲು ಮುರಿ ಅನ್ನುವ 58ನೇ ಕೀರ್ತನೆ ಬಂದ ದಿನ ಅದನ್ನೂ ಬಿಡದೆ ಓದುತ್ತೇನೆ. ಆ ಸಿಟ್ಟನ್ನು ಊರಿನೊಳಗೆ ಇಡುವುದಕ್ಕಿಂತ ಅಲ್ಲಿ ಇಟ್ಟು ಬರುವುದು ಮೇಲು.

ಸಹಿಯ ವಿಷಯ. ಯೇಸುವಿನ ಶಿಷ್ಯ ಪೇತ್ರನನ್ನು ನೆನೆಸಿಕೊಂಡೆ. ಅವನು ಯೇಸುವನ್ನು ಮೂರು ಸಲ ಅರಿಯೆನು ಅಂದದ್ದು ಬೆಂಕಿ ಕಾಯಿಸುತ್ತಾ ನಿಂತಾಗ. ಯೋಹಾನ 21ರಲ್ಲಿ ಯೇಸು ಅವನನ್ನು ಮತ್ತೆ ಕರೆದದ್ದೂ ಕೆಂಡದ ಪಕ್ಕದಲ್ಲೇ, ಮೀನು ರೊಟ್ಟಿ ಸಿದ್ಧ ಮಾಡಿಟ್ಟು, ಮೊದಲು ಊಟ ಮಾಡಿಸಿ. ನನ್ನ ಹಿರಿಯ ಸಭಾಪಾಲಕರು ಆ ಅಧ್ಯಾಯವನ್ನು ಫೋನಿನಲ್ಲೇ ಓದಿದರು, ಏನೂ ವಿವರಿಸಲಿಲ್ಲ.

ಹತ್ತನೇ ತಿಂಗಳು ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಎದೆ ಹೊಡೆದುಕೊಂಡಿತು. ಇಪ್ಪತ್ತು ವರ್ಷದಿಂದ ವಿಶ್ವಾಸದಲ್ಲಿರುವ ಆ ಗಂಡ ಹೆಂಡತಿ ನಿಂತಿದ್ದರು, ಕೈಯಲ್ಲಿ ಬೈಬಲ್. ನಾವು ಮೂವರೇ ಕೂತೆವು. ಹಾಡಲಿಲ್ಲ. ಅವತ್ತು 17ನೇ ತಾರೀಖು, ಹಾಗಾಗಿ 17, 47, 77, 107, 137. 137ರಲ್ಲಿ, ಪರದೇಶದಲ್ಲಿ ನಾವು ಹೇಗೆ ಹಾಡೋಣ ಅಂತ ಬರುವ ಕಡೆ ಆ ಅಕ್ಕ ನಿಲ್ಲಿಸಿದರು, ಸ್ವಲ್ಪ ಹೊತ್ತಿನ ಮೇಲೆ ಮುಂದೆ ಓದಿದರು.

ಈಗ ಆರು ಜನ ಬರುತ್ತಾರೆ. ಐದು ಜನ ಇನ್ನೂ ಬಂದಿಲ್ಲ, ಅವರ ಹೆಸರೂ ಬಲಗಡೆ ಪುಟದಲ್ಲಿದೆ. ಸಂಜೆ ಬೈಕಿನ ಸದ್ದು ಕೇಳಿದರೆ ಈಗಲೂ ನನ್ನ ಕೈ ಮಷೀನಿನ ಮೇಲೆ ನಿಲ್ಲುತ್ತದೆ. ಗಿರಾಕಿಗಳು ಅರ್ಧದಷ್ಟು ವಾಪಸ್ ಬಂದಿದ್ದಾರೆ. ಎದುರು ಮನೆಯ ಅಕ್ಕ ಹೋದ ವಾರ ಮಗಳ ಕೈಯಲ್ಲಿ ಒಂದು ಬ್ಲೌಸ್ ಪೀಸ್ ಕಳಿಸಿದ್ದರು, ಅಳತೆಗೆ ಹಳೇ ಬ್ಲೌಸ್ ಬೇಡ ಅವ್ವಾ, ನಿಮಗೆ ಗೊತ್ತಲ್ಲ ಅಂತ ಹೇಳಿ ಕಳಿಸಿದ್ದರು. ಅದಕ್ಕೆ ಇವತ್ತು ಹುಕ್ ಹಚ್ಚುವುದು ಬಾಕಿ ಇದೆ.