ಥರ್ಡ್ ಡೌನ್ ಅಂದರೆ ಡೂ ಆರ್ ಡೈ ರೇಡ್: ಇಂಡಿಯಾನಾ ತಂಡದ ಜೊತೆ ನನ್ನ 2024

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ಗೆ ಓದಲು ಬಂದ ಮೊದಲ ವರ್ಷ ನಾನು ಒಂದು ಫುಟ್‌ಬಾಲ್ ಮ್ಯಾಚೂ ನೋಡಲಿಲ್ಲ. ಫುಟ್‌ಬಾಲ್ ಅಂದರೆ ಇಲ್ಲಿ ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ನೋಡು ಅಂತ ಯಾರೂ ಹೇಳಲೂ ಇಲ್ಲ. ಈ ಊರಿನವರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಇಂಡಿಯಾನಾ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ 2023ರಲ್ಲಿ ಆಡಿದ 12ರಲ್ಲಿ ಗೆದ್ದದ್ದು 3. ಇತಿಹಾಸ ಪೂರ್ತಿ ಲೆಕ್ಕ ಹಾಕಿದರೆ 700ಕ್ಕೂ ಜಾಸ್ತಿ ಸೋಲು.

ಆ ಸೀಸನ್ ಮುಗಿಯುತ್ತಿದ್ದ ಹಾಗೆ ಕೋಚ್ ಬದಲಾದರು. ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಕರ್ಟ್ ಸಿಗ್ನೆಟ್ಟಿ ಬಂದರು. ಹೊಸ ಹುಡುಗರನ್ನು ತಂಡಕ್ಕೆ ಹೇಗೆ ಒಪ್ಪಿಸುತ್ತೀರಿ ಅಂತ ಕೇಳಿದಾಗ, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಅಂದರು. ನಾನು ನಿಜವಾಗಲೂ ಗೂಗಲ್ ಮಾಡಿದೆ. ಹಿಂದಿನ ತಂಡದಲ್ಲಿ 52 ಗೆಲುವು, 9 ಸೋಲು. ಈ ಮನುಷ್ಯನ ಮೊದಲ ಸೀಸನ್ ಒಂದೂ ಬಿಡದೆ ನೋಡಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ.

ಆದರೆ ಆಟ ಅರ್ಥ ಆಗಬೇಕಲ್ಲ. ನನಗೆ ದಾರಿ ತೋರಿಸಿದ್ದು ಕಬಡ್ಡಿ. ಈ ಆಟದಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು 4 ಅವಕಾಶ. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ, ಅದಕ್ಕೆ ಪಂಟ್ ಅನ್ನುತ್ತಾರೆ. ಹಾಗಾಗಿ ನಿಜವಾದ ಪರೀಕ್ಷೆ ಮೂರನೆಯದು, ಥರ್ಡ್ ಡೌನ್. ಪ್ರೊ ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದ ಮೇಲೆ ಮೂರನೆಯದು ಡೂ ಆರ್ ಡೈ ಆಗುತ್ತಲ್ಲ, ಅದೇ ಥರ. ಇದು ಹೊಳೆದ ದಿನ ಅರ್ಧ ಆಟ ಬಂದಂತಾಯಿತು.

ಆಮೇಲೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಅದರಲ್ಲಿ ಎರಡೇ ಕಾಲಂ: ಥರ್ಡ್ ಡೌನ್‌ನಲ್ಲಿ ಎಷ್ಟು ಯಾರ್ಡ್ ಬಾಕಿ, ಏನಾಯಿತು. ಮನೆಯಲ್ಲಿ ನೋಡುವಾಗ ಟಿವಿ ಸೌಂಡ್ ತೆಗೆದು ಡಾನ್ ಫಿಷರ್ ಅವರ ರೇಡಿಯೋ ಕಾಮೆಂಟರಿ ಹಾಕುತ್ತಿದ್ದೆ. ಅವರು 1973ರಿಂದ ಈ ತಂಡದ ದನಿ. ಚೆಂಡು ಎಲ್ಲಿದೆ, ಎಷ್ಟು ದೂರ ಬಾಕಿ, ಎಲ್ಲ ಬಾಯಲ್ಲೇ ಚಿತ್ರ ಬರೆದ ಹಾಗೆ ಹೇಳುತ್ತಾರೆ. ಚಿಕ್ಕಂದಿನಲ್ಲಿ ಆಕಾಶವಾಣಿಯಲ್ಲಿ ಕ್ರಿಕೆಟ್ ಕೇಳುತ್ತಿದ್ದವರಿಗೆ ಆ ಸುಖ ಗೊತ್ತು. ಟಿವಿಗಿಂತ ರೇಡಿಯೋದಿಂದಲೇ ನಾನು ಜಾಸ್ತಿ ಕಲಿತೆ.

ಕೋಚ್ ಏನು ಬದಲಾಯಿಸಿದರು ಅನ್ನುವುದು ಆ ಕಾಲಂಗಳಲ್ಲೇ ಕಾಣತೊಡಗಿತು. ನಮ್ಮವರ ಥರ್ಡ್ ಡೌನ್‌ಗಳಲ್ಲಿ ಎಷ್ಟೋ ಸಲ ಎರಡು ಮೂರು ಯಾರ್ಡ್ ಮಾತ್ರ ಬಾಕಿ ಇರುತ್ತಿತ್ತು. ಅಂದರೆ ಮೊದಲ ಎರಡು ಅವಕಾಶಗಳನ್ನು ಸುಮ್ನೆ ಹಾಳು ಮಾಡುತ್ತಿರಲಿಲ್ಲ. ಆಟಗಾರರು ಯೂನಿವರ್ಸಿಟಿ ಬದಲಿಸುವ ಟ್ರಾನ್ಸ್‌ಫರ್ ನಿಯಮ ಸಡಿಲವಾಗಿದ್ದರಿಂದ ಸಿಗ್ನೆಟ್ಟಿ ತಮ್ಮ ಹಳೆಯ ತಂಡದ ಒಂದು ಡಜನ್‌ಗೂ ಹೆಚ್ಚು ಹುಡುಗರನ್ನು ಕರೆತಂದಿದ್ದರು. ಏಡನ್ ಫಿಶರ್, ಮಿಕೇಲ್ ಕಮಾರಾ, ಎಲೈಜಾ ಸರಾಟ್ ಎಲ್ಲ ಹಾಗೆ ಬಂದವರು. ಅವರಿಗೆ ಕೋಚ್ ಹೇಳುವುದು ಮೊದಲೇ ಗೊತ್ತಿತ್ತು, ಉಳಿದವರು ಅವರನ್ನು ನೋಡಿ ಕಲಿತರು ಅಂತ ನನಗನ್ನಿಸುತ್ತದೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಕರ್ಟಿಸ್ ರೋರ್ಕ್ ಬಂದದ್ದು ಒಹಾಯೋ ಯೂನಿವರ್ಸಿಟಿಯಿಂದ, ಕೆನಡಾದ ಹುಡುಗ.

ವೆಸ್ಟರ್ನ್ ಇಲಿನಾಯ್ ವಿರುದ್ಧ 77-3 ಆದಾಗ ಎದುರಾಳಿ ಚಿಕ್ಕದು ಅಂದುಕೊಂಡೆ. ಅಕ್ಟೋಬರ್ 19ರಂದು ನೆಬ್ರಾಸ್ಕಾ ವಿರುದ್ಧ 56-7 ಆದಾಗ ಹಾಗನ್ನುವ ಹಾಗಿರಲಿಲ್ಲ. ಆದರೆ ಅದೇ ಮ್ಯಾಚಲ್ಲಿ ರೋರ್ಕ್ ಹೆಬ್ಬೆರಳಿಗೆ ಪೆಟ್ಟಾಯಿತು. ಮುಂದಿನ ವಾರ ಟೇವನ್ ಜಾಕ್ಸನ್ ಆಡಿ ವಾಷಿಂಗ್ಟನ್ ವಿರುದ್ಧ 31-17 ಗೆಲ್ಲಿಸಿದರು. ಇಡೀ ಸೀಸನ್‌ನಲ್ಲಿ ತಂಡ ಮೊದಲ ಸಲ ಹಿಂದೆ ಬಿದ್ದದ್ದು ಒಂಬತ್ತನೇ ಮ್ಯಾಚಲ್ಲಿ, ಮಿಷಿಗನ್ ಸ್ಟೇಟ್ 10-0 ಮಾಡಿದಾಗ. ನನ್ನ ಪೆನ್ನು ನಿಂತೇ ಹೋಯಿತು. ಮುಗಿದಾಗ 47-10, ಆ 47 ನಮ್ಮದು!

ನನಗೆ ಅತಿ ಇಷ್ಟವಾದದ್ದು ನವೆಂಬರ್ 9, ಮಿಷಿಗನ್ ವಿರುದ್ಧ. ಅರ್ಧ ಆಟಕ್ಕೆ ನಾವು 17-3 ಮುಂದೆ. ಆಮೇಲೆ ನಮಗೆ ಸಿಕ್ಕಿದ್ದು ಬರೀ 3 ಪಾಯಿಂಟ್. ನೋಟ್‌ಬುಕ್ ತುಂಬಾ ಸೋತ ಥರ್ಡ್ ಡೌನ್‌ಗಳು. ಆದರೂ ಡಿಫೆನ್ಸ್ ಹಿಡಿದು ನಿಂತಿತು, 20-15. ಈ ತಂಡ ಒಂದು ಸೀಸನ್‌ನಲ್ಲಿ 10 ಗೆದ್ದದ್ದು ಅದೇ ಮೊದಲು. ಪಕ್ಕದಲ್ಲಿದ್ದ ಬಿಳಿ ಕೂದಲಿನ ಅಜ್ಜ ಸೀಟಿನಿಂದ ಏಳಲೇ ಇಲ್ಲ, ಮೈದಾನವನ್ನೇ ನೋಡುತ್ತಾ ಕೂತಿದ್ದರು. ನನಗೂ ಗಂಟಲು ಕಟ್ಟಿತು.

ಒಹಾಯೋ ಸ್ಟೇಟ್ ವಿರುದ್ಧ 38-15ರಲ್ಲಿ ಸೋತೆವು. ಅಲ್ಲಿ ನಮ್ಮನ್ನು ಕೆಡಿಸಿದ್ದು ನಾನು ಗಮನಿಸದೇ ಇದ್ದ ಭಾಗ, ಪಂಟ್. ಒಂದು ಸಲ ಒದೆಯುವವನ ಕೈಯಿಂದ ಚೆಂಡು ಜಾರಿತು, ಇನ್ನೊಂದು ಸಲ ನಾವು ಒದ್ದ ಚೆಂಡು ಹಿಡಿದು ಅವರ ಕೇಲೆಬ್ ಡೌನ್ಸ್ 79 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು, ಅಂದರೆ ಚೆಂಡನ್ನು ನಮ್ಮ ಕೊನೆಯ ಗೆರೆ ದಾಟಿಸಿದರು. ಆವತ್ತಿನಿಂದ ಪಂಟ್‌ಗೂ ಪಿ ಅಂತ ಒಂದು ಕಾಲಂ ಸೇರಿತು. ಮುಂದಿನ ವಾರ ಪರ್ಡ್ಯೂ ವಿರುದ್ಧ 66-0, ಈ ಎರಡು ತಂಡಗಳ ಮ್ಯಾಚ್ ಗೆದ್ದವರಿಗೆ ಸಿಗುವ ಓಲ್ಡ್ ಓಕನ್ ಬಕೆಟ್ ಟ್ರೋಫಿ ನಮ್ಮದು.

ಡಿಸೆಂಬರ್ 20ರ ರಾತ್ರಿ ನೋತ್ರ ಡೇಮ್ ಜೊತೆ ಪ್ಲೇಆಫ್, ಅಂದರೆ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ನಾಕೌಟ್ ಹಂತ. 12 ತಂಡಗಳ ಪ್ಲೇಆಫ್ ಶುರುವಾದ ಮೊದಲ ವರ್ಷವೇ ನಾವು ಅದರಲ್ಲಿದ್ದೆವು! ರೂಮಲ್ಲಿ ನಾಲ್ಕು ಜನ ಕನ್ನಡದವರು ಕೂತು ನೋಡಿದೆವು, ನಾನು ಕಬಡ್ಡಿ ಲೆಕ್ಕದಲ್ಲಿ ವಿವರಿಸುತ್ತಿದ್ದೆ. ನೋತ್ರ ಡೇಮ್‌ನ ಜೆರೆಮಾಯಾ ಲವ್ 98 ಯಾರ್ಡ್ ಓಡಿದಾಗ ಯಾರೂ ಮಾತಾಡಲಿಲ್ಲ. 27-3 ಹಿಂದೆ ಬಿದ್ದ ಮೇಲೂ ನಮ್ಮ ಹುಡುಗರು ಕೊನೆಗೆ ಎರಡು ಟಚ್‌ಡೌನ್ ಹಾಕಿದರು, 27-17ರಲ್ಲಿ ಸೋತೆವು. ಆಟ ಮುಗಿದ ಮೇಲೆ ಒಬ್ಬ ಗೆಳೆಯ ನೋಟ್‌ಬುಕ್ ಇಸ್ಕೊಂಡು ಮೊದಲ ಪುಟದಿಂದ ಓದತೊಡಗಿದ. ಇದರಲ್ಲಿ ಪಿ ಅಂದರೆ ಏನು, ಅಂತ ಕೇಳಿದ.