ಒತ್ತಕ್ಷರ ಹಾಕಿ ಇಟಲಿ ಹಾಡು ಕೇಳಿದ್ದು

ಹೋದ ತಿಂಗಳು ಬಸವನಗುಡಿಯ ಗೆಳೆಯರೊಬ್ಬರ ಮನೆಯಲ್ಲಿ ಏಳು ಜನ ಕೂತು ಒಂದು ಇಟಾಲಿಯನ್ ರಾಕ್ ಆಲ್ಬಂ ಪೂರ್ತಿ ಕೇಳಿದರು. ಮಧ್ಯೆ ಯಾರೂ ಫೋನ್ ತೆಗೆಯಲಿಲ್ಲ. "ಭಾಷೆ ಬರದೆ ಅದೇನು ಕೇಳ್ತೀಯೋ, ಅದೂ ಇಂಗ್ಲೆಂಡಿನವರ ನಕಲು" ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದವರು ಇದೇ ಏಳು ಜನ. ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡು ಕೇಳುವ ನನ್ನ ಕ್ರಮ ಕೊನೆಗೂ ಕೆಲಸ ಮಾಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸದ ಮೇಲೆ ನಾನು ಇಟಲಿಯ ತೊರೀನೊದಲ್ಲಿ ಮೂರೂವರೆ ವರ್ಷ ಇದ್ದೆ. ಅಲ್ಲಿ ಪೋರ್ತಾ ಪಲಾತ್ಸೊ ಮಾರುಕಟ್ಟೆಯ ಹಿಂದೆ ಶನಿವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ, ಹೆಸರು ಬಲೋನ್. ರೆಕಾರ್ಡುಗಳು ಹಣ್ಣಿನ ಪೆಟ್ಟಿಗೆಗಳಲ್ಲಿ ಬಿದ್ದಿರುತ್ತವೆ. ಎರಡು ಯೂರೋದಿಂದ ಐದು ಯೂರೋಗೆ ಒಳ್ಳೆಯವೇ ಸಿಗುತ್ತಿದ್ದವು. ಯಾವ ಅಂಗಡಿ ಅಂತ ಮಾತ್ರ ಹೇಳಲ್ಲ. ಮತ್ತೆ ಹೋಗುವ ಆಸೆ ನನಗಿದೆ. ಟರ್ನ್‌ಟೇಬಲ್ಲಿಗೆ ಸುಮಾರು 120 ಯೂರೋ, ಅದರ ಮುಳ್ಳಿನ ಕಾರ್ಟ್ರಿಡ್ಜಿಗೆ 60 ಹೋಯಿತು. ಒಟ್ಟು ಲೆಕ್ಕ ಎಲ್ಲೂ ಬರೆದಿಟ್ಟಿಲ್ಲ. ನೆನಪಿನ ಮೇಲೆ ಹೇಳುವುದಾದರೆ ಸಾವಿರದ ಎಂಟುನೂರು ಯೂರೋ ಆಸುಪಾಸು. ಅದರಲ್ಲಿ ಮುನ್ನೂರಂತೂ ದಂಡ.

ದಂಡದಲ್ಲಿ ಎಲ್ಲಕ್ಕಿಂತ ಹೆಚ್ಚು ಒಂದೇ ಪ್ಲೇಟಿಗೆ ಹೋಯಿತು. ಇಟಲಿಯ ರಾಕ್ ಸಂಗೀತದ ಪ್ರೆಮಿಯಾತಾ ಫೊರ್ನೆರಿಯಾ ಮಾರ್ಕೊನಿ, ಅಂದರೆ ಪಿಎಫ್‌ಎಂ ಗುಂಪಿನ ಮೊದಲ ಆಲ್ಬಂ. ಮೊದಲ ಪ್ರೆಸ್ಸಿಂಗ್, ಅಂದರೆ ಆಲ್ಬಂ ಹೊರಬಂದಾಗಲೇ ಒತ್ತಿದ ಪ್ರತಿ, ಅಂತ ನಂಬಿ 85 ಯೂರೋ ಕೊಟ್ಟೆ. ಲೇಬಲ್ ಸುತ್ತಲಿನ ಖಾಲಿ ಜಾಗದ ನಂಬರನ್ನು ಮನೆಗೆ ಬಂದ ಮೇಲೆ ನೋಡಿದೆ. ಎಷ್ಟೋ ವರ್ಷ ಆದಮೇಲೆ ಒತ್ತಿದ ಪ್ರತಿ ಅದು. ಈಗ ನಂಬರ್ ನೋಡದೆ ಜೇಬಿಗೆ ಕೈ ಹಾಕುವುದಿಲ್ಲ.

ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಕೇಳುವ ಕ್ರಮದಲ್ಲಿ ಮಾಡಿದ ತಪ್ಪುಗಳು. ಮೊದಲ ವರ್ಷ ಅನುವಾದ ಓದಿಕೊಂಡು ಕೇಳಲು ಕೂರುತ್ತಿದ್ದೆ. ತಾನೇ ಹಾಡು ಕಟ್ಟಿ ಹಾಡುತ್ತಿದ್ದ ಫಾಬ್ರಿತ್ಸಿಯೊ ದೆ ಆಂದ್ರೆಯ 1970ರ 'ಲಾ ಬುವೋನಾ ನೊವೆಲ್ಲಾ' ಹಾಗೇ ಹಾಳಾಯಿತು. ಬೈಬಲ್ಲಿನಲ್ಲಿ ಸೇರದೆ ಉಳಿದ ಸುವಾರ್ತೆಗಳಿಂದ ತೆಗೆದ ಕತೆ ಅದು. ಕತೆ ಗೊತ್ತಾದ ಮೇಲೆ ಸಂಗೀತ ಬರೀ ಕತೆಯ ಹಿಂದಿನ ಪರದೆ ಆಗಿಹೋಯಿತು. ಅದನ್ನು ಇವತ್ತಿಗೂ ಹೊಸ ಕಿವಿಯಲ್ಲಿ ಕೇಳಲು ಆಗುತ್ತಿಲ್ಲ. ಆ ಬೇಸರ ಹೋಗಿಲ್ಲ.

ಎರಡನೇ ತಪ್ಪು ಸರದಿಯದು. ನಮ್ಮಲ್ಲಿ ಎಲ್ಲರೂ ಕಿಂಗ್ ಕ್ರಿಮ್ಸನ್, ಜೆನೆಸಿಸ್ ಥರದ ಬ್ರಿಟಿಷ್ ರಾಕ್ ಗುಂಪುಗಳನ್ನು ಕೇಳಿ ಬೆಳೆದವರು, ಅಲ್ವಾ? ಅದರ ಮೇಲೆ ಪಿಎಫ್‌ಎಂ ಹಾಕಿದರೆ ಕಿವಿ ಹೋಲಿಕೆ ಹುಡುಕುತ್ತದೆ. ಮೆಲೊಟ್ರಾನ್ (ಟೇಪಿನಿಂದ ದನಿ ಹೊರಡಿಸುವ ಕೀಬೋರ್ಡು) ಕೇಳಿತು, ಇದು ಅವರದು. ಕೊಳಲು ಕೇಳಿತು, ಇದು ಇವರದು. ಪಿಎಫ್‌ಎಂ ಶುರುವಿನಲ್ಲಿ ವೇದಿಕೆ ಮೇಲೆ ಕಿಂಗ್ ಕ್ರಿಮ್ಸನ್ ಹಾಡು ನುಡಿಸುತ್ತಿದ್ದದ್ದು ನಿಜ, ಕಲಿತದ್ದೂ ನಿಜ. ಆದರೆ ನಾನು ಸರದಿ ತಿರುಗಿಸಿದೆ. ಮೂರು ತಿಂಗಳು ಬರೀ ಇಟಲಿ, ಆಮೇಲೆ ಬ್ರಿಟನ್. ಆಗ ಜೆನೆಸಿಸ್ಸೇ ಯಾರನ್ನೋ ನೆನಪಿಸತೊಡಗಿತು! ಯಾವುದು ಮೊದಲು ಕಿವಿಗೆ ಬೀಳುತ್ತದೋ ಅದೇ ಅಸಲು ಅನ್ನಿಸುತ್ತದೆ. ನಕಲು ಅನ್ನುವ ದೂರಿನಲ್ಲಿ ಅರ್ಧ ಬರೀ ಸರದಿಯ ದೋಷ. ಇದನ್ನು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಈಗಿನ ನನ್ನ ಕ್ರಮ ಹೀಗಿದೆ. ಒಂದು ಇಟಾಲಿಯನ್, ಒಂದು ಬ್ರಿಟಿಷ್, ಎರಡೂ ಒಂದೇ ವರ್ಷದ ಆಚೀಚೆಯವು. ಈ ಜೋಡಿಗೆ ಎರಡು ವಾರ. ಒಂದು ಸಂಜೆಗೆ ಒಂದೇ ಸೈಡು, ಇಪ್ಪತ್ತು ನಿಮಿಷ, ಅಷ್ಟೇ. ಮೊದಲು ಇಟಲಿಯದು, ಮಾರನೇ ದಿನ ಬ್ರಿಟನ್ನಿನದು. ಹತ್ತು ದಿನ ಅರ್ಥ ಹುಡುಕುವ ಹಾಗಿಲ್ಲ. ಆಮೇಲೆ ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ಬರೆದ ಮೇಲೆ ಅಚ್ಚಾದ ಸಾಹಿತ್ಯದ ಜೊತೆ ತಾಳೆ ನೋಡಬೇಕು. ಅರ್ಥ ಕೊನೆಗೆ.

ಕನ್ನಡ ಲಿಪಿಯಲ್ಲಿ ಬರೆಯುವುದೇ ಇಡೀ ಕ್ರಮದ ಜೀವ. ಇಂಗ್ಲಿಷ್ ಅಕ್ಷರದಲ್ಲಿ ಇಟಲಿ ಸಾಲು ಓದಿದರೆ ನಾಲಿಗೆ ಇಂಗ್ಲಿಷಿನ ದಾರಿ ಹಿಡಿಯುತ್ತದೆ, ಕಿವಿಯೂ ಅದರ ಹಿಂದೆ ಹೋಗುತ್ತದೆ. ಇಟಾಲಿಯನ್ನಿನ ತ, ದ ಹಲ್ಲಿಗೆ ತಾಗುವ ನಮ್ಮ ತ, ದ. ಇಂಗ್ಲಿಷಿನದು ನಮ್ಮ ಕಿವಿಗೆ ಟ, ಡ. ರಾತ್ರಿಗೆ ಅವರು 'ನೊತ್ತೆ' ಅನ್ನುತ್ತಾರೆ, ಒತ್ತು ಪೂರ್ತಿ ಕೇಳಿಸುತ್ತದೆ. ಅಜ್ಜನಿಗೆ 'ನೊನ್ನೊ', ಒಂಬತ್ತನೆಯದಕ್ಕೆ 'ನೋನೊ'. ನಮ್ಮ ಕತೆಗೂ ಕತ್ತೆಗೂ ಇರುವ ವ್ಯತ್ಯಾಸವೇ ಅಲ್ಲೂ ಇದೆ. ಇನ್ನು ಶಾಲೆ ಬಿಟ್ಟ ಮೇಲೆ ನಾನು ಎಲ್ಲೂ ಬಳಸದ ಞ ಅಕ್ಷರ! ಕನಸಿಗೆ ಅವರ ಮಾತು 'ಸೊಞ್ಞೊ'. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದ ದಿನ ಎಷ್ಟು ಖುಷಿ ಆಯಿತು ಅಂದರೆ ಮನೆಗೆ ಫೋನ್ ಮಾಡಿ ಹೇಳಿದೆ.

ಹೀಗೆ ಬರೆಯುತ್ತಾ ಹೋದಾಗ ಇನ್ನೊಂದು ವಿಷಯ ಕಂಡಿತು. ಇಟಾಲಿಯನ್ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ನಾವೂ ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡಿಕೊಳ್ಳುವ ಜನ. ಹಾಗಾಗಿ ಹಾಡುವವರು ಸಾಲಿನ ಕೊನೆಯನ್ನು ಎಷ್ಟು ಬೇಕಾದರೂ ಎಳೆಯಬಹುದು. ಇಂಗ್ಲಿಷಿನಲ್ಲಿ ಬಹಳ ಸಲ ವ್ಯಂಜನ ಬಂದು ಬಾಗಿಲು ಹಾಕುತ್ತದೆ. ಇದು ಕೊರತೆ ಅಲ್ಲ. ಬ್ರಿಟಿಷ್ ಹಾಡಿನ ತುಂಡು ತುಂಡಾದ ಚುರುಕು ಬಂದಿರುವುದು ಅದರಿಂದಲೇ. ಆದರೆ ಎರಡರ ರಾಗ ಕಟ್ಟುವ ರೀತಿ ಬೇರೆ ಆಗುತ್ತದೆ.

ಇದನ್ನು ಪರೀಕ್ಷೆ ಮಾಡಲು ಪಿಎಫ್‌ಎಂನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 1972ರ 'ಪೆರ್ ಉನ್ ಅಮೀಕೊ' ಆಲ್ಬಮ್ಮಿನ ಸಂಗೀತವೇ 1973ರಲ್ಲಿ 'ಫೋಟೋಸ್ ಆಫ್ ಗೋಸ್ಟ್ಸ್' ಆಗಿ ಇಂಗ್ಲಿಷಿನಲ್ಲಿ ಬಂತು. ಮಾತು ಬರೆದದ್ದು ಕಿಂಗ್ ಕ್ರಿಮ್ಸನ್ನಿಗೆ ಬರೆಯುತ್ತಿದ್ದ ಪೀಟ್ ಸಿನ್‌ಫೀಲ್ಡ್. ಅನುವಾದ ಅಲ್ಲ, ಹೊಸ ಸಾಹಿತ್ಯ. 'ಅಪ್ಪೇನಾ ಉನ್ ಪೊ' ಹಾಡು 'ರಿವರ್ ಆಫ್ ಲೈಫ್' ಆಯಿತು. ದನಿ ಒಳಗೆ ಬರುವ ತನಕ ಎರಡೂ ಒಂದೇ ಹಾಡು. ಬಂದ ಮೇಲೆ ಇಟಾಲಿಯನ್ನಿನಲ್ಲಿ ದನಿ ವಾದ್ಯಗಳ ಒಳಗೆ ಕರಗುತ್ತದೆ, ಇಂಗ್ಲಿಷಿನಲ್ಲಿ ಮೇಲೆ ತೇಲುತ್ತದೆ. 'ಜೆನೆರಾಲೆ' ಮೂಲದಲ್ಲಿ ಬರೀ ವಾದ್ಯ. ಇಂಗ್ಲಿಷಿಗೆ ತರುವಾಗ ಅದಕ್ಕೂ ಮಾತು ಸೇರಿಸಿದರು. ನನ್ನ ಪ್ರಕಾರ ಅದು ಬೇಡವಾಗಿತ್ತು, ಓಡುವ ಕುದುರೆ ಮೇಲೆ ಮೂಟೆ ಹೇರಿದ ಹಾಗಾಗಿದೆ. 'ಇಲ್ ಬಾಂಕೆತ್ತೊ' ಒಂದನ್ನು ಮಾತ್ರ ಇಟಾಲಿಯನ್ನಿನಲ್ಲೇ ಬಿಟ್ಟರು. ಆ ಇಂಗ್ಲಿಷ್ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದೂ ಅದೇ.

ಇಟಲಿಯೇ ಯಾವಾಗಲೂ ಗೆಲ್ಲುತ್ತದೆ ಅಂತಲ್ಲ. 1974ರ ಜೋಡಿ ನೋಡಿ. ಲೂಚೊ ಬತ್ತಿಸ್ತಿಯ 'ಆನಿಮಾ ಲತೀನಾ', ರಾಬರ್ಟ್ ವೈಯಟ್‌ನ 'ರಾಕ್ ಬಾಟಂ'. ಬತ್ತಿಸ್ತಿ ದೇಶಕ್ಕೇ ಪ್ರೀತಿಯ ಗಾಯಕ. ಆದರೂ ಈ ಆಲ್ಬಮ್ಮಿನಲ್ಲಿ ತನ್ನ ದನಿಯನ್ನು ಬೇಕಂತಲೇ ವಾದ್ಯಗಳ ಹಿಂದಕ್ಕೆ ತಳ್ಳಿದ. ಕೇಳುವವರು ಕಿವಿ ಕೊಟ್ಟು ಹುಡುಕಬೇಕು. ಇದನ್ನು ಕನ್ನಡದಲ್ಲಿ ಬರೆಯಲು ನನಗೆ ಆರು ಸಂಜೆ ಬೇಕಾಯಿತು, ಅರ್ಧ ತಪ್ಪು. ವೈಯಟ್‌ನ ಹಾಡುಗಳು ಮೊಳೆತದ್ದು ವೆನಿಸ್ಸಿನಲ್ಲಿ, ಒಂದು ಸಣ್ಣ ಕೀಬೋರ್ಡಿನ ಮೇಲೆ. ಆಮೇಲೆ 1973ರ ಜೂನ್‌ನಲ್ಲಿ ಅವನು ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಡ್ರಮ್ಮರ್ ಆಗಿದ್ದವನು. ಪಿಂಕ್ ಫ್ಲಾಯ್ಡಿನ ನಿಕ್ ಮೇಸನ್ ನಿರ್ಮಾಣದಲ್ಲಿ ಆಲ್ಬಂ ಬಂತು. ಆ ದನಿಯಲ್ಲಿ ನೀರಿದೆ. ಈ ಜೋಡಿಯಲ್ಲಿ ವೈಯಟ್ ಮುಂದೆ, ಬತ್ತಿಸ್ತಿ ಒಂದು ಹೆಜ್ಜೆ ಹಿಂದೆ. ಬಲೋನ್‌ನಲ್ಲಿ ಇದನ್ನು ಹೇಳಿದ್ದಕ್ಕೆ ಒಬ್ಬ ವ್ಯಾಪಾರಿ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದ.

1981ರಲ್ಲಿ ಲೆಕ್ಕ ತಿರುಗುತ್ತದೆ. ಫ್ರಾಂಕೊ ಬತ್ತಿಯಾತೊನ 'ಲಾ ವೋಚೆ ದೆಲ್ ಪದ್ರೋನೆ', ಹ್ಯೂಮನ್ ಲೀಗ್‌ನ 'ಡೇರ್'. ಇಟಾಲಿಯನ್ ಹೆಸರಿನ ಅರ್ಥ ಯಜಮಾನನ ದನಿ. ನಮ್ಮ ಮನೆಗಳಲ್ಲಿದ್ದ ನಾಯಿ ಚಿತ್ರದ ಎಚ್ಎಂವಿ ಪ್ಲೇಟಿನ ಹೆಸರೇ ಅದು! ಏಳೇ ಹಾಡು. ಹತ್ತು ಲಕ್ಷ ಪ್ರತಿ ದಾಟಿದ ಮೊದಲ ಇಟಾಲಿಯನ್ ಆಲ್ಬಂ ಅನ್ನುತ್ತಾರೆ. ಎರಡರಲ್ಲೂ ಸಿಂಥ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡು ಇದೆ, ಎರಡೂ ಕುಣಿಸುತ್ತವೆ. ಆದರೆ 'ಡೇರ್' ನಾಲ್ಕನೇ ಸಂಜೆಗೆ ನನಗೆ ಮುಗಿದುಹೋಯಿತು. ಬತ್ತಿಯಾತೊ ಇನ್ನೂ ಮುಗಿದಿಲ್ಲ.

ಲಿಪಿ ಕೈಕೊಟ್ಟದ್ದು ಒಂದೇ ಕಡೆ. ದೆ ಆಂದ್ರೆ 1984ರಲ್ಲಿ ಮಾಡಿದ 'ಕ್ರೋಝಾ ದೆ ಮಾ' ಪೂರ್ತಿ ಇಟಲಿಯ ಬಂದರು ಊರು ಜೆನೋವಾದ ನುಡಿಯಲ್ಲಿದೆ. ಸಂಗೀತ ಮೌರೊ ಪಗಾನಿಯದು, ಹಿಂದೆ ಪಿಎಫ್‌ಎಂನಲ್ಲಿ ಪಿಟೀಲು, ಕೊಳಲು ನುಡಿಸುತ್ತಿದ್ದವನು. ಔದ್, ಬುಝೂಕಿ ಥರದ ತಂತಿವಾದ್ಯಗಳೆಲ್ಲ ಸೇರಿ ಸಮುದ್ರದ ಆಚೆ ದಡಗಳೂ ಕೇಳಿಸುತ್ತವೆ. ಮೀನು ಮಾರುಕಟ್ಟೆಯ ಕೂಗೂ ಇದೆ. ಹೆಸರಿನ ಮೊದಲ ಸ್ವರಕ್ಕೇ ನಮ್ಮಲ್ಲಿ ಅಕ್ಷರ ಇಲ್ಲ. ಕೊಡವ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯಹೊರಟರೆ ಆಗುವ ಕಷ್ಟವೇ ಇಲ್ಲೂ ಆಯಿತು. ತೊರೀನೊದ ನನ್ನ ಸಹೋದ್ಯೋಗಿಗಳಿಗೂ ಅನುವಾದ ಬೇಕಿತ್ತು. ಅದನ್ನು ನೋಡಿ ಧೈರ್ಯ ಬಂತು. ಇದಕ್ಕೆ ಜೋಡಿ ಬ್ರಿಟನ್ನಿನ ಗಾಯಕಿ ಕೇಟ್ ಬುಷ್‌ಳ 1985ರ 'ಹೌಂಡ್ಸ್ ಆಫ್ ಲವ್', ಅದರಲ್ಲೂ ಬಿ ಸೈಡು. ರಾತ್ರಿ ಸಮುದ್ರದಲ್ಲಿ ಒಬ್ಬಳೇ ತೇಲುತ್ತಿರುವ ಹೆಂಗಸಿನ ಕತೆ ಅದು. ದೆ ಆಂದ್ರೆಯಲ್ಲಿ ಸಮುದ್ರ ದುಡಿಮೆ, ಊರಿಗೆ ಮರಳುವ ದಾರಿ. ಬುಷ್‌ಳಲ್ಲಿ ಸಮುದ್ರ ಭಯ. ನಾನು ಮಾಡಿದ ಜೋಡಿಗಳಲ್ಲೆಲ್ಲ ಇದೇ ಮೇಲು. ಜೋಡಿ ಮಾಡಲು ವರ್ಷ ಒಂದೇ ಸಾಲದು, ಇನ್ನೊಂದು ಅಳತೆಯೂ ಇದೆ. ಅದನ್ನು ಕಂಡುಕೊಳ್ಳಲು ಎರಡು ವರ್ಷ ಹಿಡಿಯಿತು, ಸದ್ಯಕ್ಕೆ ನನ್ನಲ್ಲೇ ಇರಲಿ. ಸಂತೆ ರೆಕಾರ್ಡು ತೊಳೆಯುವ ನೀರಿನ ಹದವೂ ಅಷ್ಟೇ.

ಊರಿಗೆ ಬಂದಾಗ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಶಿವಮೊಗ್ಗದಲ್ಲಿ ಅಮ್ಮನಿಗೆ ಏನೂ ಹೇಳದೆ ದೆ ಆಂದ್ರೆ ಹಾಕಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಒಂದು ಸೈಡು ಮುಗಿಯುವ ತನಕ ಮಾತಿಲ್ಲ. ಆಮೇಲೆ "ಇವನು ಹಾಡ್ತಿರೋದೋ ಓದ್ತಿರೋದೋ? ನಮ್ಮ ಗಮಕದವರ ಥರ ಇದಾನಲ್ಲೋ" ಅಂದರು. ಆ ತಗ್ಗಿದ ದನಿ, ಮಾತನ್ನು ಮುಂದಿಟ್ಟು ರಾಗವನ್ನು ಹಿಂದೆ ನಡೆಸುವ ರೀತಿ, ಹೌದು, ಗಮಕವೇ. ಮೂರು ವರ್ಷ ಕೇಳಿದರೂ ನನಗೆ ಹೊಳೆಯದ ಮಾತು. ಇಂಗ್ಲೆಂಡಿನ ನಿಕ್ ಡ್ರೇಕ್ ಹಾಕಿದರೆ ಅಮ್ಮ "ಪಾಪ, ಹುಡುಗ ಬಹಳ ಬೇಜಾರಲ್ಲಿದಾನೆ" ಅಂದು ಎದ್ದು ಒಳಗೆ ಹೋದರು.

ವಾಪಸ್ ಬರುವಾಗ ಎಪ್ಪತ್ತು ಚಿಲ್ಲರೆ ರೆಕಾರ್ಡು ತಂದೆ, ಹದಿನೇಳು ಕೇಜಿ ಹತ್ತಿರ. ಲಗೇಜಿಗೇ ನೂರು ಯೂರೋ ಮೇಲೆ ಹೋಯಿತು. ಮೂರು ಪ್ಲೇಟು ಬಗ್ಗಿ ಬಂದವು.

ಬಸವನಗುಡಿಯಲ್ಲಿ ಆ ಭಾನುವಾರ ಕವರ್ ಮುಚ್ಚಿಟ್ಟು ಮೊದಲು 'ಪೆರ್ ಉನ್ ಅಮೀಕೊ' ಹಾಕಿದೆ. ಎಲ್ಲರ ಕೈಗೂ ಹಾಳೆ, ಪೆನ್ನು ಕೊಟ್ಟು, ಕೇಳಿಸಿದ್ದನ್ನು ಕನ್ನಡದಲ್ಲಿ ಬರೆಯಿರಿ ಅಂದೆ. ಕಾಫಿ ಆದಮೇಲೆ ಇಂಗ್ಲಿಷ್ ಆವೃತ್ತಿ. ಮಿಕ್ಸಿಂಗ್ ಕೂಡ ಸ್ವಲ್ಪ ಬೇರೆ ಅಂತ ಮೊದಲೇ ಹೇಳಿದ್ದೆ, ಮೋಸ ಆಗಬಾರದು. ಏಳರಲ್ಲಿ ಐದು ಜನ ಇಟಾಲಿಯನ್ ಕಡೆ ಕೈ ಎತ್ತಿದರು. ನಕಲು ಅನ್ನುವ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ಹಿರಿಯರು ಕೈ ಎತ್ತಲಿಲ್ಲ. ಹಾಳೆ ಹಿಡಿದು ಕೂತೇ ಇದ್ದರು.

"ಏನ್ ಸರ್, ಇಂಗ್ಲಿಷೇ ಸರೀನಾ?" ಅಂತ ಕೇಳಿದೆ.

"ತಾಳಪ್ಪಾ, ಎರಡನೇ ಸಾಲಲ್ಲಿ ಒತ್ತು ಇತ್ತೋ ಇಲ್ವೋ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹಾಕು" ಅಂದರು.

ಮೊದಲಿಂದ ಹಾಕಿದೆ.